ಕಾಲು ನೆಲಕ್ಕೆ ತಾಗದ ಸೊಣ್ಣಮ್ಮ

ಒಂದಾನೊಂದು ಊರಲ್ಲಿ, ಕಾಲು ನೆಲಕ್ಕೆ ತಾಗಿಸದೆಯೇ ದಿಬ್ಬ ಹತ್ತುತ್ತೇನೆಂದು ಹಟ ಹಿಡಿದ ರಾಣಿಯೊಬ್ಬಳಿದ್ದಳು. ಊರು ಲಗ್ಗೆರೆ. ರಾಣಿಯ ಹೆಸರು ಸೊಣ್ಣಮ್ಮ. ಈ ಹೊತ್ತು ಅವಳು ಗಂಡ ಪಾಪಯ್ಯನ ಚಟ್ಟದ ಹಿಂದೆ, ಮೂರು ಗಾಲಿಯ ತಗ್ಗು ಸೈಕಲ್ಲಿನಲ್ಲಿ ಈಸಿಚೇರಿನ ಮೇಲಿನಂತೆ ಒರಗಿ, ಕಾಲು ಮುಂದಕ್ಕೆ ಚಾಚಿಕೊಂಡು ಬರುತ್ತಿದ್ದಳು. ಹಿಂದಿನಿಂದ, ಐಟಿಐಯಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದ ಮೊಮ್ಮಗಳು ಶಶಿಕಲಾ ತಳ್ಳುತ್ತಿದ್ದಳು.

“ಅತ್ತೆ, ಆಟೋ ನಿಂತೈತೆ, ಹತ್ಕೊಳಿ,” ಎಂದ ಅಳಿಯ ಮುನಿರಾಜು.

“ನಿಮ್ಮಾವ ಇದ್ರಲ್ಲೇ ದಿಬ್ಬ ಹತ್ತುಸ್ತೀನಿ ಅಂತ ಮಾತು ಕೊಟ್ಟವ್ನೆ. ಆಟೋದಲ್ಲಿ ನೀನೇ ಓಗು.”

“ಮೋಟಾರೇ ಓಡಲ್ವಲ್ಲ!”

“ಓಡ್ದಿದ್ರೆ ಕೆಳಗೇ ಕೂತಿರ್ತೀನಿ. ಮಣ್ಣು ನೀವೇ ಆಕ್ಬನ್ನಿ.”

ಶಶಿ ತಳ್ಳುವುದನ್ನು ನಿಲ್ಲಿಸಿ ದಿಬ್ಬದತ್ತ ನೋಡಿದಳು. ಹಿರಿಯರ ಸಮಾಧಿಗಳಿದ್ದ ತೋಟದ ತುಂಡು ದಿಬ್ಬದ ಮೇಲಿತ್ತು. ಅಷ್ಟು ದೂರ ತಳ್ಳುವ ಮಾತಿಲ್ಲ. ಅಜ್ಜಿ ಹೇಳಿದರೆ ಹೇಳಿದ್ದೇ.

* * *

ತಿಂಗಳ ಹಿಂದೆ, ಮನೆಯ ಶೆಡ್ಡಿನಲ್ಲಿ ಬಾಡಿಗೆಗಿದ್ದ ಎಂಜಿನಿಯರು ಖಾಲಿ ಮಾಡುವಾಗ ಬಿಟ್ಟುಹೋದ ಹಳೇ ಸೈಕಲ್ಲದು. ಪೀಣ್ಯದ ಕಾರ್ಖಾನೆಗಳಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಯೇ ಮುದುಕನಾದ ಪಾಪಯ್ಯ ಅದರ ಸುತ್ತ ಒಂದು ಸುತ್ತು ಬಂದ.

“ಶಶಿ, ಇದುಕ್ಕೊಂದು ಮೋಟಾರ್ ಕೂರ್ಸಿದ್ರೆ, ಮಂಡಿನೋವಿನ ನಿಮ್ಮಜ್ಜಿ ಮಂಚದ ಮೇಲೆ ಮಲ್ಕಂಡಂಗೆ ತೋಟಕ್ಕೋಗ್ತಾಳೆ.”

“ತಾತ, ದಿಂಬು ಯಾವಾಗ ಫಿಟ್ ಮಾಡ್ತೀಯಾ?” ಎಂದು ಬೀದಿಯೆಲ್ಲ ನಕ್ಕಿತು.

ಹಿಂದಿನ ಗಾಲಿಯೊಳಗೆ ಮೋಟಾರು, ಸೀಟಿನಡಿ ಬ್ಯಾಟರಿ ಬಂತು. ಸೊಣ್ಣಮ್ಮ ಹ್ಯಾಂಡಲಿನ ಹಿಡಿ ತಿರುಗಿಸಿದಳು. ಸೈಕಲ್ಲು ಸರ್ರನೆ ಹಿಂದಕ್ಕೆ ಹೋಗಿ ನೀರಿನ ಡ್ರಮ್ಮಿಗೆ ಗುದ್ದಿತು.

“ಏನಯ್ಯಾ, ತವರಿಗೆ ವಾಪಸ್ ಕಳುಸ್ತಿದೀಯಾ?”

“ಎರಡು ವೈರು ಅದಲುಬದಲು ಮಾಡಿದ್ರೆ ಮುಂದಕ್ಕೋಗ್ತದೆ ಕಣೇ!” ಕಾರ್ಖಾನೆಯ ಮೋಟಾರು ಉಲ್ಟಾ ತಿರುಗಿದಾಗಲೆಲ್ಲ ಅವನು ಮಾಡುತ್ತಿದ್ದ ಮದ್ದು. ಮೂರು ದಪ್ಪ ವೈರುಗಳಲ್ಲಿ ಎರಡನ್ನು ಬದಲಿಸಿದ. ಗಾಲಿ ಚಳಿಜ್ವರ ಬಂದಂತೆ ನಡುಗಿ ನಿಂತಿತು. “ನಾಳೆ ನೋಡ್ತೀನಿ,” ಎಂದು ಮಲಗಿದವನು ಬೆಳಗ್ಗೆ ಏಳಲಿಲ್ಲ.

* * *

ದಿಬ್ಬದ ಬುಡದಲ್ಲಿ ಪದ್ಧತಿಯಂತೆ ಚಟ್ಟ ಇಳಿಸಿದರು. ಮುಂದೆ ಹೊತ್ತವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಬಂದು ಮತ್ತೆ ಎತ್ತಿಕೊಂಡರು. ತಮಟೆಯವರು ಮಾತ್ರ ಜಾಗ ಬದಲಿಸದೆ ಇದ್ದ ಕಡೆಯೇ ಬಾರಿಸುತ್ತಿದ್ದರು. ತಾಳ ಸಿಗದೆ ಹೆಜ್ಜೆ ತಪ್ಪಿ ಚಟ್ಟ ಕುಲುಕಿತು.

“ಹೊತ್ತೋರು ಮಾತ್ರ ತಿರುಗಿದ್ರೆ ಆಯ್ತೇನ್ರೋ?” ಹಿರಿಯ ಚಿಕ್ಕಮುನಿಯಪ್ಪ ಕೂಗಿದ. “ತಾಳ ಆಕೋರೂ ಈ ಕಡೆ ಬರ್ರೋ! ಪಾಪಯ್ಯ ಬಿದ್ದೋಗ್ತಾನೆ, ಮೊದ್ಲೇ ಕೋಪಿಷ್ಠ!”

ಅಳುತ್ತಿದ್ದವರೂ ನಕ್ಕರು. ಶಶಿ ಮಾತ್ರ ನಗಲಿಲ್ಲ. ದಪ್ಪ ವೈರುಗಳ ಪಕ್ಕದಲ್ಲಿ ಸಣ್ಣ ವೈರುಗಳೂ ಇದ್ದವಲ್ಲ! ಗಾಲಿ ಎಷ್ಟು ತಿರುಗಿದೆ, ಯಾವಾಗ ಎಳೆಯಬೇಕು ಎಂದು ಮೋಟಾರಿಗೆ ತಾಳ ಹಾಕುವವು ಅವೇ. ಕಾರ್ಖಾನೆಯ ಮೋಟಾರುಗಳಲ್ಲಿ ಅವಿಲ್ಲ. ತಾತ ಅವನ್ನು ಮುಟ್ಟಿಯೇ ಇರಲಿಲ್ಲ.

ಅವಳು ಮಣ್ಣಿನಲ್ಲೇ ಕೂತು ಸೀಟಿನಡಿಯ ಡಬ್ಬಿ ಬಿಚ್ಚಿದಳು.

“ಏನಮ್ಮಾ, ಹೆಣ ಎತ್ತಿರೋ ಹೊತ್ನಲ್ಲಿ ರಿಪೇರಿ?” ಮುನಿರಾಜು ಹಣೆ ಚಚ್ಚಿಕೊಂಡ.

ಎರಡು ಸಣ್ಣ ವೈರು ಬದಲಿಸಿದಳು. ಗಾಲಿ ನಡುಗಿತು. ಅವನ್ನು ಮೊದಲಿನಂತೆ ಸಿಕ್ಕಿಸಿ, ಬೇರೆ ಎರಡನ್ನು ಬದಲಿಸಿದಳು.

“ಅಜ್ಜಿ, ಹಿಡಿ ತಿರುಗ್ಸು.”

ಸದ್ದೇ ಇಲ್ಲ. ಸೈಕಲ್ಲು ಮುಂದಕ್ಕೆ ಹೊರಟಿತ್ತು. ತಮಟೆಯವರು ಬಾಯಿ ಬಿಟ್ಟುಕೊಂಡು ದಾರಿ ಬಿಟ್ಟರು. ಸೊಣ್ಣಮ್ಮ ಚಟ್ಟವನ್ನೂ ದಾಟಿ, ಸೆರಗು ಹಾರಿಸಿಕೊಂಡು ಏರಿಯೇ ಏರಿದಳು.

ಹೊತ್ತವರು ಏದುಸಿರು ಬಿಡುತ್ತ ಮೇಲೆ ಬರುವಾಗ, ಅವಳು ತೋಟದ ಅಂಚಿನಲ್ಲಿ ಇನ್ನೂ ಕಾಲು ಚಾಚಿಕೊಂಡೇ ಒರಗಿದ್ದಳು. ಕೂತಲ್ಲಿಂದಲೇ ಬಗ್ಗಿ ತೆಗೆದ ಒಂದು ಹಿಡಿ ಕೆಮ್ಮಣ್ಣು ಮುಷ್ಟಿಯಲ್ಲಿ ಸಿದ್ಧವಾಗಿತ್ತು.