ಕ್ಷೇಮ ಹೇಳಿದ ಮೇಲೆ ನೋವನ್ನೂ ಹೇಳಿ

ನಮ್ಮಮ್ಮನಿಗೆ ಗರ್ಭಕಂಠದ ಕ್ಯಾನ್ಸರ್. ಇನ್ನು ಗುಣವಾಗುವುದಿಲ್ಲ, ಮನೆಯಲ್ಲೇ ನೋವಾಗದಂತೆ ನೋಡಿಕೊಳ್ಳಿ ಎಂದು ಕಂಪಾಲದ ಡಾಕ್ಟರು ಕಳಿಸಿಬಿಟ್ಟರು. ಆರೈಕೆ ಕೇಂದ್ರದ ನರ್ಸ್ ತುಮುಹೈರ್ವೆ ತಿಂಗಳಿಗೊಮ್ಮೆ ಬರುತ್ತಿದ್ದರು. ಮಳೆ ಹಿಡಿದರೆ ಅವರ ಬೈಕು ನಮ್ಮೂರ ಕೆಸರು ದಾರಿ ದಾಟುತ್ತಿರಲಿಲ್ಲ. ಉಳಿದಂತೆ ವಾರಕ್ಕೆರಡು ಸಲ ವಿಡಿಯೋ ಕರೆ.

ನಮ್ಮಣ್ಣ ಚೆಸ್ವಾನಿಗೆ ಇದು ಹಿಡಿಸಲಿಲ್ಲ. ನನ್ನ ಹೆಸರು ಹಿಡಿದು ಕೇಳಿದ:

“ಫೋನು ಸೊಂಟ ಮುಟ್ಟಿ ನೋಡತ್ತೇನೇ ನಂಬೋಜೆ? ಡೇಟಾ ದಂಡ ಅಷ್ಟೆ. ಶನಿವಾರ ಕಾರು ಮಾಡಿ ಕಂಪಾಲಕ್ಕೇ ಸಾಗಿಸ್ತೀನಿ.”

“ನನ್ನನ್ನ ಎಲ್ಲಿಗೂ ಸಾಗಿಸ್ಬೇಡ್ರೋ,” ಎಂದಳು ಅಮ್ಮ. “ಇಲ್ಲೇ ಪ್ರಾಣ ಹೋಗ್ಲಿ.”

ಆದರೆ ಅಣ್ಣನ ಮಾತಿನಲ್ಲೂ ಸುಳ್ಳಿರಲಿಲ್ಲ. ಎರಡು ವಾರದಿಂದ ಅಮ್ಮ ಬಟ್ಟೆ ಕಚ್ಚಿಕೊಂಡು ನರಳುತ್ತಿದ್ದಳು. ನನಗೂ ನಿದ್ದೆಯಿಲ್ಲದೆ ಕೈಕಾಲು ಬಿದ್ದುಹೋಗಿತ್ತು.

ಕರೆ ಬಂದಾಗ ಆಗುತ್ತಿದ್ದುದೇ ಬೇರೆ. “ಹೇಗಿದ್ದೀರಮ್ಮಾ?” ಎಂದು ನರ್ಸ್ ಕೇಳಿದರೆ ಅಮ್ಮ “ಜೆಂದಿ” ಎನ್ನುತ್ತಿದ್ದಳು. ಇದ್ದೀನಿ, ಚೆನ್ನಾಗಿದ್ದೀನಿ ಅಂತ. ನಮ್ಮಲ್ಲಿ ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಹೀಗೇ ಹೇಳಬೇಕು. ಆಮೇಲೆ ನರ್ಸಿನ ಮಕ್ಕಳು, ಅವರ ಊರಿನ ಹಸುಗಳು, ಎಲ್ಲದರ ಕ್ಷೇಮ ವಿಚಾರಿಸುವಷ್ಟರಲ್ಲಿ ಕರೆ ಮುಗಿಯುತ್ತಿತ್ತು. ಅಮ್ಮನ ಮಾತಿಗೆ ಎದುರಾಡಬಾರದೆಂದು ನಾನೂ ಬಾಯಿ ಬಿಡಲಿಲ್ಲ.

ಶುಕ್ರವಾರ ಅಣ್ಣ ಕಾರಿಗೆ ಹೇಳಿಯೇಬಿಟ್ಟ. “ನಿನ್ನ ಫೋನು ನರ್ಸು ಏನು ಕಿಸಿದ್ಲು?” ಎಂದ.

ನನಗೆ ರೇಗಿತು. “ಅವ್ರದೇನಣ್ಣ ತಪ್ಪು? ಸುಳ್ಳು ಹೇಳ್ತಿರೋರು ನಾವು!”

ಅಲ್ಲೇ ನರ್ಸಿಗೆ ಕರೆ ಮಾಡಿ ಎಲ್ಲ ಹೇಳಿದೆ. ಅವರು ಫೋನನ್ನು ಅಮ್ಮನ ಮುಂದೆ ಹಿಡಿಯಲು ಹೇಳಿದರು.

“ಅಮ್ಮಾ, ಕ್ಷೇಮ ಆಯ್ತು, ಹಸುಗಳದ್ದೂ ಆಯ್ತು. ಈಗ ಕೈ ತೋರ್ಸಿ. ನೋವಿಲ್ದಿದ್ರೆ ಮುಷ್ಟಿ. ತಡಿಯೋಕೇ ಆಗ್ದಿದ್ರೆ ಐದೂ ಬೆರಳು.”

ಅಮ್ಮ ಅಣ್ಣನ ಮುಖ ನೋಡಿದಳು. ನಿಧಾನಕ್ಕೆ ಐದೂ ಬೆರಳು ಬಿಚ್ಚಿದಳು. ಅಣ್ಣ ಬಂದು ಅವಳ ಪಕ್ಕ ಕೂತ.

“ನಾನು ಕೊಟ್ಟಿದ್ದ ನೋವಿನ ಔಷಧಿ, ಮಾರ್ಫಿನ್, ಯಾವಾಗ ಕೊಡ್ತಿದ್ದೀರಿ?” ಎಂದರು ನರ್ಸ್.

“ನರಳಿದಾಗ, ಸಿಸ್ಟರ್,” ಎಂದೆ.

“ಹಾಗಲ್ಲಮ್ಮ. ನೋವು ಬರೋವರ್ಗೂ ಕಾಯ್ಬೇಡಿ. ಹೇಳಿದ ಹೊತ್ತಿಗೆ ತಪ್ಪದೆ ಕೊಡಿ. ಎಷ್ಟು ಅಂತ ಡಾಕ್ಟರನ್ನ ಕೇಳಿ ಈಗ್ಲೇ ಹೇಳ್ತೀನಿ. ಮಾರ್ಫಿನ್‌ನಿಂದ ಮಲ ಕಟ್ಟತ್ತೆ, ಅದಕ್ಕೂ ಔಷಧಿ ಬರ್ಕೊಳ್ಳಿ.”

ಡಾಕ್ಟರು ಹೇಳಿದಷ್ಟನ್ನು ಹೊತ್ತಿಗೆ ಸರಿಯಾಗಿ ಕೊಟ್ಟೆವು. ಭಾನುವಾರ ಅಮ್ಮ ಎರಡೇ ಬೆರಳು ತೋರಿಸಿದಳು. ಗಂಜಿ ಕೇಳಿ ಕುಡಿದಳು. ಕಾರು ಬೇಡವೆಂದು ಅಣ್ಣ ಶುಕ್ರವಾರವೇ ಹೇಳಿಯಾಗಿತ್ತು. ಆಮೇಲೆ ಪ್ರತಿ ಕರೆಗೂ ಫೋನು ಹಿಡಿದು ಕೂತವನು ಅವನೇ.

ಅಮ್ಮ ಹೋಗಿ ಎರಡು ತಿಂಗಳಾಯಿತು. ಮನೆಯಲ್ಲೇ, ನಮ್ಮ ಕೈ ಹಿಡಿದುಕೊಂಡೇ ಹೋದಳು. ನನಗೆ ಸುಸ್ತು ಇನ್ನೂ ಬಿಟ್ಟಿಲ್ಲ.

ನಿಮ್ಮ ಮನೆಯಲ್ಲೂ ಇಂಥ ರೋಗಿ ಇದ್ದರೆ ಆರೈಕೆ ನರ್ಸಿನ ನಂಬರು ಇವತ್ತೇ ಬರೆದಿಟ್ಟುಕೊಳ್ಳಿ. ಕರೆ ಬಂದಾಗ ಪಕ್ಕದಲ್ಲಿ ಕೂತಿರಿ. ರೋಗಿ ನುಂಗಿಕೊಂಡ ಮಾತನ್ನು ನೀವು ಹೇಳಿ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ನಾನು ಸುಮ್ಮನಿದ್ದುದಕ್ಕೆ ನಮ್ಮಮ್ಮ ಎರಡು ವಾರ ನರಳಿದಳು. ನಿಮ್ಮಮ್ಮ ನರಳುವುದು ಬೇಡ.