ಕಿಟಕಿಯಲ್ಲಿ ಸಿಕ್ಕಿಬಿದ್ದ ಶ್ವಾಸಕೋಶ

ಬಾತುಮೊಟ್ಟೆಯೊಳಗಿನ ಭ್ರೂಣದಲ್ಲಿ ಶ್ವಾಸಕೋಶ ಹೇಗೆ ಕವಲೊಡೆಯುತ್ತದೆ ಎಂದು ಲೋಸ್ ಬಾನ್ಯೋಸ್ ಪಟ್ಟಣದ ಪ್ರಯೋಗಾಲಯದಲ್ಲಿ ಹಗಲೆಲ್ಲ ಕಣ್ಣು ಕೀಲಿಸಿ ಕೂರುವವಳು ಮಾರಿವಿಕ್. ಅವಳ ಚಿಕ್ಕಮ್ಮ ಪೂರಿಂಗ್, ವಿಕ್ಟೋರಿಯಾ ಎಂಬ ಊರಿನಲ್ಲಿ ಬಾತು ಸಾಕುವವಳು. ಮೊಟ್ಟೆಯನ್ನು ಬೇಯಿಸಬೇಕು, ಇಲ್ಲವೇ ಮರಿ ಮಾಡಿಸಬೇಕು. ಒಡೆದು ಇಣುಕುವುದು ಯಾವ ಸೀಮೆ ಕೆಲಸ ಎಂಬುದು ಆಕೆಯ ತಕರಾರು. ಆದರೂ ಊರಿನ ಬಾತು ಸಾಕುವವರ ಸಭೆಗೆ ಹಟ ಹಿಡಿದು ಮಾರಿವಿಕ್‌ಳನ್ನೇ ಭಾಷಣಕ್ಕೆ ಕರೆಸಿದಳು.

"ಸುತ್ತಲಿನ ಜೀವಕೋಶಗಳು ಸಂಕೇತದ ರಸ ಸ್ರವಿಸುತ್ತವೆ. ಉಸಿರುಕೊಳವೆಯ ಗೋಡೆ ಆ ಕಡೆಗೆ ಮೊಗ್ಗು ಬಿಡುತ್ತೆ" ಎಂದು ಮಾರಿವಿಕ್ ಶುರುಮಾಡಿದಳು. ಮುಂದಿನ ಸಾಲಿನಲ್ಲಿ ಊರ ಮುಖಂಡ ಕ್ಯಾಪ್ಟನ್ ಆನ್ಸೆಲ್ಮೋ ಗೊರಕೆ ಶುರುಮಾಡಿದ.

"ಏ ಮಾರಿವಿಕ್, ಹಸಿದ ಹೊಟ್ಟೇಲಿ ಯಾರೇ ಕೇಳ್ತಾರೆ ನಿನ್ನ ಕೊಳವೆ ಪುರಾಣ? ಮಾಡಿ ತೋರ್ಸೇ!" ಎಂದಳು ಪೂರಿಂಗ್.

ಮಾರಿವಿಕ್‌ಗೆ ರೋಷ ಬಂತು. ಜನರನ್ನೆಬ್ಬಿಸಿ, ಕೈಕೈ ಹಿಡಿಸಿ ಎರಡು ಸಾಲಾಗಿ ನಿಲ್ಲಿಸಿದಳು. "ನೀವೆಲ್ಲ ಕೊಳವೆಯ ಗೋಡೆ. ಕೈ ಬಿಡೋ ಹಾಗಿಲ್ಲ." ಊಟಕ್ಕೆಂದು ಸುಟ್ಟಿದ್ದ ಹಂದಿಮಾಂಸದ ಕಡ್ಡಿಯೊಂದನ್ನು ಚಿಕ್ಕಮ್ಮನ ಕೈಗಿತ್ತಳು. "ಚಿಕ್ಕಮ್ಮಾ, ನೀವು ಸಂಕೇತ. ಬೀಸಣಿಗೆ ಬೀಸಿ."

ಪೂರಿಂಗ್ ಎಡಮೂಲೆಯಲ್ಲಿ ನಿಂತು ಬೀಸಿದಳು. ಘಮ ತಾಗಿದ್ದೇ ತಡ, ಎಡಸಾಲು ಆ ಕಡೆಗೆ ಉಬ್ಬಿತು.

"ನೋಡಿ, ಮೊಗ್ಗು!" ಮಾರಿವಿಕ್ ಕುಣಿದಳು.

ಮೊಗ್ಗು ಹತ್ತಿರ ಬಂದಂತೆ ಪೂರಿಂಗ್‌ಗೆ ದಿಗಿಲಾಯಿತು. ಸಂಕೇತವನ್ನು ಗಬಕ್ಕನೆ ತಿಂದುಬಿಟ್ಟಳು. ಮೊಗ್ಗು ನಿಂತಲ್ಲೇ ನಿಂತಿತು.

"ಚಿಕ್ಕಮ್ಮಾ! ಸಂಕೇತ ತಿಂತಾರೇನ್ರೀ?"

"ಮತ್ತೇನು, ಅವರು ನನ್ನನ್ನೇ ತಿನ್ಲಿ ಅಂತೀಯಾ?"

ಅಷ್ಟರಲ್ಲಿ ಹೊರಗೆ ರಸ್ತೆಬದಿಯ ವ್ಯಾಪಾರಿಯೊಬ್ಬ ಕೋಳಿಕರುಳು ಸುಡಲು ಕೆಂಡ ಹೊತ್ತಿಸಿದ. ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ಇಡೀ ಕೊಳವೆ ಗರಕ್ಕನೆ ತಿರುಗಿ ಕಿಟಕಿಯತ್ತ ಕವಲೊಡೆಯಿತು. ಗದ್ದಲಕ್ಕೆ ಎಚ್ಚೆತ್ತ ಕ್ಯಾಪ್ಟನ್ ವಿಷಯ ಏನೆಂದೂ ಕೇಳದೆ ಎಲ್ಲರಿಗಿಂತ ಮುಂದೆ ಹಾರಿದ. ಹೊಟ್ಟೆ ಕಿಟಕಿಯ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ತಲೆ ರಸ್ತೆಗೆ, ಕಾಲು ಸಭೆಗೆ.

ಮಾರಿವಿಕ್ ತಲೆಮೇಲೆ ಕೈಹೊತ್ತು ಕೂತಳು. ಅಳು ಬರುವ ಹಾಗಾಯಿತು. ಆಗ ಕೈಬಿಡದೆ ನಿಂತಿದ್ದ ಮುದುಕ ಸಿಲ್ವೆಸ್ಟ್ರೆ ಕೇಳಿದ: "ಅಂದ್ರೆ ಡಾಕ್ಟ್ರೇ, ರಸಾನ ಬೇರೆ ಜಾಗದಲ್ಲಿಟ್ರೆ ಕವಲೂ ಅಲ್ಲೇ ಬರುತ್ತಾ?"

ಅವಳು ಚಂಗನೆ ಎದ್ದಳು. "ಹೌದು ಅಜ್ಜಾ, ಹೌದು! ಬರಬಾರದ ಕಡೆ ರಸದಲ್ಲಿ ನೆನೆಸಿದ ಮಣಿ ಇಟ್ಟು, ಮೊಗ್ಗು ಬರುತ್ತಾ ಅಂತ ಕಾಯೋದೇ ನನ್ನ ಕೆಲಸ!"

"ಅಯ್ಯೋ, ಇಷ್ಟೇನಾ!" ಎಂದಳು ಪೂರಿಂಗ್. "ಮೊದಲೇ ಹೀಗೆ ಹೇಳಬಾರದಿತ್ತಾ?"

"ವಿಜ್ಞಾನ ಆಮೇಲೆ! ಮೊದಲು ಈ ಕವಲನ್ನ ಯಾವ ಕಡೆಗಾದ್ರೂ ಎಳೀರಪ್ಪೋ!" ಕಿಟಕಿಯಾಚೆಯಿಂದ ಕ್ಯಾಪ್ಟನ್ ಕೂಗಿದ.

ಯಾವ ಕಡೆಗೆ ಎಂದು ಸಭೆಯಲ್ಲಿ ಚರ್ಚೆಯಾಯಿತು. ಹೊರಗಿನ ವ್ಯಾಪಾರಿ ಮಾತ್ರ ಕ್ಯಾಪ್ಟನ್‌ನ ಬಾಯಿಗೆ ಒಂದು ಕಡ್ಡಿ ಕರುಳು ಇಟ್ಟು, ಖಾರ ಸಾಕೋ ಇನ್ನೂ ಬೇಕೋ ಎಂದು ವಿಚಾರಿಸಿದ.