ಎರೆಯುವ ಕಲ್ಲು

ನಾನು ಒಂದು ಕಲ್ಲು. ದೇವರ ಕಲ್ಲಲ್ಲ, ಬೀಸುವ ಕಲ್ಲೂ ಅಲ್ಲ. ಹೆಣ ಮೀಯಿಸುವ ಕಲ್ಲು. ಕೇಳಿದ ಕೂಡಲೇ ಮೂಗು ಮುರಿಯಬೇಡಿ. ಮೂಗು ಮುರಿಯಬೇಕಾದ ಸಂಗತಿ ಇನ್ನೂ ಮುಂದಿದೆ.

ನಾನು ಹುಟ್ಟಿದ್ದು ಕರಡಿದುರ್ಗದ ನೆತ್ತಿಯ ಬಂಡೆಯಲ್ಲಿ. ಪಾಳೇಗಾರನೊಬ್ಬ ಅಲ್ಲಿ ಕೋಟೆ ಕಟ್ಟಿಸುತ್ತಿದ್ದ. ಬುರುಜಿಗೆ ಮೆಟ್ಟಿಲಾಗಲೆಂದು ನನ್ನನ್ನು ಆಳುದ್ದ ಸೀಳಿ ತೆಗೆದರು. ಮೇಲೆತ್ತುವ ಮೊದಲೇ ಕಲ್ಲುಕುಟಿಗನೊಬ್ಬ ಗೋಡೆಯಿಂದ ಬಿದ್ದು ಸತ್ತ. ಜೊತೆಯವರು ಅವನನ್ನು ನನ್ನ ಮೇಲೆ ಮಲಗಿಸಿ ಮೈ ತೊಳೆದರು. ಹೆಣ ಮಲಗಿದ ಕಲ್ಲನ್ನು ದೊರೆ ತುಳಿಯಬಾರದಂತೆ. ಹಾಗಾಗಿ ನನ್ನನ್ನು ಕೆಳಕೇರಿಯ ಬಾವಿಯ ಪಕ್ಕಕ್ಕೆ ಉರುಳಿಸಿದರು. ನೀರು ಹರಿದುಹೋಗಲು ಯಾರೋ ನನ್ನಲ್ಲೊಂದು ಕಾಲುವೆ ಕೊರೆದರು. ಕೋಟೆ ಬಿತ್ತು, ದೊರೆಯೂ ಹೋದ, ನನ್ನ ಕೆಲಸ ಮಾತ್ರ ನಿಲ್ಲಲಿಲ್ಲ.

ಮೇಲುಕೇರಿಯವರು ತಮ್ಮವರನ್ನು ತಮ್ಮ ಅಂಗಳದಲ್ಲೇ ಮೀಯಿಸುತ್ತಿದ್ದರು. ನನ್ನ ಪಾಲಿಗೆ ಬಂದವರು ಕೆಳಕೇರಿಯವರು. ಮುದುಕರು, ಕೂಸುಗಳು, ಹಾವು ಕಚ್ಚಿದವರು, ಕುಡಿದು ಸತ್ತವರು, ಎಲ್ಲರಿಗೂ ಹಾಸಿಗೆಯಾದೆ. ನೀರು ಹಾಕುವುದು ಒಂದು ಮನೆಯ ಹೆಂಗಸರ ಕೆಲಸ. ನನಗೆ ಚೆನ್ನಾಗಿ ನೆನಪಿರುವವಳು ಓಬಳಮ್ಮ. ಹೆಣವಾದರೂ ಸೀರೆ ಅಡ್ಡ ಹಿಡಿಸಿ, ಮರೆ ಮಾಡಿಯೇ ನೀರು ಹಾಕುವವಳು. ಸಾಕಿ ಎಂಬ ಮಗಳು ಚೊಚ್ಚಲ ಹೆರಿಗೆಯಲ್ಲಿ ಸತ್ತಾಗ ಬೇರೆ ಯಾರಿಗೂ ತಂಬಿಗೆ ಕೊಡಲಿಲ್ಲ, ತಾನೇ ಎರೆದಳು. ಆಮೇಲೆ ಸೊಸೆ ಗೌರಕ್ಕನಿಗೆ ಹೇಳಿದಳು:

“ನನ್ನೂ ಇದ್ರ ಮ್ಯಾಲೇ ಮಲಗಿಸ್ಬೇಕು ಕಣೆ. ನನ್ನ ಮಗಳು ಮಲಗಿದ್ದ ತಾವು ಇದು. ಬ್ಯಾರೆ ಏನೂ ಕೇಳಾಕಿಲ್ಲ ನಾನು.”

ಅಂದಿನಿಂದ ನಾನೂ ಅವಳಿಗಾಗಿ ಕಾದೆ. ಸಾಯಲಿ ಎಂದಲ್ಲ. ಬಂದಾಗ ನಾನು ಇಲ್ಲಿರಬೇಕು, ಅಷ್ಟೆ.

ಆಗ ಊರಿಗೆ ‘ಹೆರಿಟೇಜ್’ ಎಂಬ ರೋಗ ಬಡಿಯಿತು. ಬೆಟ್ಟದ ಮೇಲೆ, ಮೋಡದ ಪಕ್ಕ, ಪುರಾತನ ಹಳ್ಳಿಯಲ್ಲಿ ವಿಲ್ಲಾ ಎಂದು ಜಾಹೀರಾತು ಹಾಕಿದರು. ಮೇಲುಕೇರಿಯವರು ಒಬ್ಬೊಬ್ಬರಾಗಿ ಮನೆ ಮಾರಿ ಪೇಟೆ ಸೇರಿದರು. ಕೊಂಡವರು ಇದ್ದ ಮಣ್ಣಿನ ಗೋಡೆ ಕೆಡವಿ, ಸಿಮೆಂಟಿನ ಗೋಡೆ ಎಬ್ಬಿಸಿ, ಅದಕ್ಕೆ ಮಣ್ಣಿನ ಬಣ್ಣ ಬಳಿದರು. ದನದ ಕೊಟ್ಟಿಗೆಯಲ್ಲಿ ಬಾತ್‌ಟಬ್ ಇಟ್ಟರು. ಬತ್ತದ ಕಣಜದೊಳಗೆ ವೈನ್ ಬಾಟಲಿ ಜೋಡಿಸಿದರು. ಕೆಳಕೇರಿಗೆ ಟ್ಯಾಂಕರ್ ನೀರು, ಅವರಿಗೆ ಈಜುಕೊಳ. ನೋಡಿ ನೋಡಿ ನನಗೆ ಹೇಸಿಗೆಯಾಗುತ್ತಿತ್ತು.

ಒಂದು ದಿನ ವಿಠ್ಠಲಮೂರ್ತಿ ಎಂಬ ದಲ್ಲಾಳಿ ನನ್ನ ಮುಂದೆ ನಿಂತ. ವಿಲ್ಲಾಗಳ ಒಡತಿ ಅನನ್ಯಾ ಮೇಡಂಗೆ ಹಳೆಯ ಸಾಮಾನು ಹುಡುಕಿಕೊಡುವುದು ಅವನ ಕಸುಬು. “ಇದೇನಮ್ಮ ಕಲ್ಲು? ಹೊಸ ಮನೆಗೆ ಬೇಕಿತ್ತು” ಎಂದು ಓಬಳಮ್ಮನನ್ನು ಕೇಳಿದ.

ನಮ್ಮ ಕಡೆ ಒಂದು ಪದ್ಧತಿ. ಹೊಸ ಮನೆಯ ಮಾತು ಬಂದಾಗ ಸಾವಿನ ಹೆಸರೆತ್ತಬಾರದು. ಓಬಳಮ್ಮ ನಾಲಿಗೆ ಕಚ್ಚಿಕೊಂಡಳು.

“ಎರೆಯೋ ಕಲ್ಲು ಸ್ವಾಮಿ. ನಮ್ಮೋರು ಹೆಂಗಸ್ರು ಗಂಡಸ್ರು ಎಲ್ರೂ ಒಂದ್ಸಲ ಇದ್ರ ಮ್ಯಾಲೆ ಎರಕೊಂಡೇ ಹೋಗೋದು. ಇದನ್ನ ಕೊಡಾಕಾಗಾಕಿಲ್ಲ.”

ಎರೆಯುವುದೆಂದರೆ ಎಣ್ಣೆನೀರು ಎಂದುಕೊಂಡ ಆ ಮಹಾನುಭಾವ. ಪಾಳೇಗಾರನ ರಾಣಿ ಅಭ್ಯಂಜನ ಮಾಡುತ್ತಿದ್ದ ಕಲ್ಲು ಎಂದು ಮೇಡಂಗೆ ಹೇಳಿದ. ಪೇಟೆ ಸೇರಿದರೂ ಊರಿನ ಯಜಮಾನಿಕೆ ಬಿಡದ ಮೇಲುಕೇರಿಯ ಹಿರಿಯರು, ಅಪಶಕುನದ ಕಲ್ಲು ಹೋದರೆ ಹೋಗಲಿ ಎಂದು ತಮ್ಮೊಳಗೇ ಅಂದುಕೊಂಡು ಒಪ್ಪಿಗೆ ಕೊಟ್ಟರು. ಕ್ರೇನು ಬಂದಾಗ ಓಬಳಮ್ಮ ಅಡ್ಡ ಬಂದಳು. ಆದರೆ ಚಾಲಕ ತೆಂಗಿನಕಾಯಿ ಒಡೆದು, ಗೃಹಪ್ರವೇಶಕ್ಕೆ ಎಂದುಬಿಟ್ಟ. ಅವಳ ಬಾಯಿ ಮತ್ತೆ ಕಟ್ಟಿಹೋಯಿತು.

ವಿಲ್ಲಾದಲ್ಲಿ ಮೊದಲು ನನ್ನ ಮೈಗೆ ಮೆಷಿನ್ ಹಚ್ಚಿದರು. ತಲೆಯ ಕಡೆ ಸವೆದು ಸಣ್ಣ ತಗ್ಗಾಗಿತ್ತು. ಎಷ್ಟೋ ತಲೆಗಳ ಗುರುತು, ಸಾಕಿಯದೂ ಸೇರಿ. ಅದನ್ನು ಉಜ್ಜಿ ನುಣುಪು ಮಾಡಿದರು. ಸುತ್ತ ದೀಪ ಹಚ್ಚಿ, ಗುಲಾಬಿ ಎಸಳು ಚೆಲ್ಲಿ, ‘ರಾಣಿ ಸ್ಪಾ’ ಎಂದು ಹೆಸರಿಟ್ಟರು. ಬಂದವರೆಲ್ಲ ನನ್ನ ಮೇಲೆ ಅಂಗಾತ ಬಿದ್ದು ಎಣ್ಣೆ ತಿಕ್ಕಿಸಿಕೊಳ್ಳುವರು. ಹೆಣಗಳಿಗೂ ನಾತವಿತ್ತು, ಇಲ್ಲವೆನ್ನಲಾರೆ. ಆದರೆ ಅವು ಮಲಗಿಕೊಂಡು ಆಳುಗಳನ್ನು ಬೈಯುತ್ತಿರಲಿಲ್ಲ, ಪಕ್ಕದ ವಿಲ್ಲಾದವನ ಕಾರು ಕಂಡು ಕರುಬುತ್ತಿರಲಿಲ್ಲ. ಇವರ ಎಣ್ಣೆಯ ಜಿಡ್ಡು ನನ್ನ ಕಾಲುವೆಯಲ್ಲಿ ಕಟ್ಟಿಕೊಂಡಿತು. ಗೌರಕ್ಕ ಅಲ್ಲೇ ಕಸಮುಸುರೆಗೆ ಸೇರಿದ್ದಳು. ದಿನವೂ ಅದನ್ನು ಕೆರೆದು ತೆಗೆಯುವಳು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ.

ಓಬಳಮ್ಮನಿಗೆ ಊರು ಹೋಗು ಎನ್ನುವ, ಕಾಡು ಬಾ ಎನ್ನುವ ವಯಸ್ಸಾಯಿತು. ಉಸಿರು ಕಟ್ಟಲು ಶುರುವಾದಾಗ ಶಕುನವೂ ಬೇಡ, ಪದ್ಧತಿಯೂ ಬೇಡ ಎಂದು ಕೋಲೂರಿಕೊಂಡು ಸೀದಾ ಸ್ಪಾಕ್ಕೇ ಬಂದಳು. ಮೇಡಂ ನನ್ನ ಮೇಲೆ ಕೂತು ಹಣ್ಣಿನ ರಸ ಕುಡಿಯುತ್ತಿದ್ದರು.

“ಅವ್ವಾ, ಅದು ಹೆಣ ತೊಳೆಯೋ ಕಲ್ಲು. ನನ್ನ ಮಗಳು ಹೆಣವಾಗಿ ಮಲಗಿದ್ ಕಲ್ಲು. ನಮ್ಗೆ ಕೊಟ್ಬಿಡಿ.”

ಮೇಡಂ ಚಂಗನೆ ಎದ್ದು ಓಡಿದರು. ವಾಂತಿಯ ಸದ್ದು ನನಗೂ ಕೇಳಿಸಿತು. ಅಂದು ನನಗಾದ ಸಂತೋಷ ಹೇಳತೀರದು. ಇನ್ನು ಇವರು ನನ್ನನ್ನು ಹೊರಗೆ ಎಸೆಯುತ್ತಾರೆ, ನಾನು ಬಾವಿಯ ಹತ್ತಿರ ಹೋಗುತ್ತೇನೆ ಎಂದು ನಂಬಿದೆ. ಓಬಳಮ್ಮನೂ ನಂಬಿ, ಎತ್ತಿನ ಗಾಡಿಗೆ ಹೇಳಿಟ್ಟಳು.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು. ಮೊದಲು ಪುರೋಹಿತರು ಬಂದು ಶುದ್ಧಿ ಮಾಡಿದರು. ಅವರ ಹಿಂದೆಯೇ ಬಿಳಿ ಜುಬ್ಬಾದ ಸಲಹೆಗಾರನೊಬ್ಬ ಬಂದ. ರಾಣಿಯರು ಎಲ್ಲ ರೆಸಾರ್ಟಿನಲ್ಲೂ ಇದ್ದಾರೆ ಮೇಡಂ, ಸಾವು ನಿಮ್ಮಲ್ಲಿ ಬಿಟ್ಟರೆ ಬೇರೆಲ್ಲಿದೆ, ಅದನ್ನೇ ಮಾರೋಣ ಎಂದ. ವಾರದೊಳಗೆ ಬೋರ್ಡು ಬದಲಾಯಿತು: ‘ಅಂತಿಮ ಸ್ನಾನ: ಬದುಕಿರುವಾಗಲೇ ಬಿಡುಗಡೆ’. ಸಾಯಲು ಪುರುಸೊತ್ತಿಲ್ಲದವರೆಲ್ಲ ಸಾಲಾಗಿ ಬಂದು ಸತ್ತಂತೆ ಮಲಗಿದರು. ಥೂ!

ನೀರು ಹಾಕುವ ಕೆಲಸ ಗೌರಕ್ಕನ ಕೊರಳಿಗೆ ಬಿತ್ತು. ಹೆಣಕ್ಕೆ ಏನು ಹೇಳುತ್ತೀರೋ ಅದನ್ನೇ ಹೇಳು ಎಂದರು ಮೇಡಂ. ನಾವು ಹೆಣಕ್ಕೆ ‘ಹೋಗು’ ಎನ್ನುತ್ತೇವೆ. ಬದುಕಿರುವವರಿಗೆ ಯಾರಾದರೂ ಹಾಗೆನ್ನುತ್ತಾರೆಯೇ? ಗೌರಕ್ಕನಿಗೆ ನಾಲಿಗೆ ಹೊರಳಲಿಲ್ಲ. “ಹೋಗ್ಬನ್ನಿ ಸ್ವಾಮಿ, ಹೋಗ್ಬನ್ನಿ” ಎನ್ನುತ್ತಾ ನೀರು ಸುರಿದಳು. ಅವರು ಅದನ್ನೇ ಮಂತ್ರವೆಂದು ತಿಳಿದು ಕಣ್ಣೀರು ಹಾಕಿದರು.

ಮಾಗಿ ಚಳಿಯಲ್ಲಿ ಓಬಳಮ್ಮ ಹೋದಳು. ಬೆಳಗಾದ ಮೇಲೆ ಗೌರಕ್ಕ ಮರೆಗೊಂದು ಸೀರೆ ಹಿಡಿದು, ಕೇರಿಯ ನಾಲ್ಕು ಜನರಿಂದ ಹೆಣ ಹೊರಿಸಿಕೊಂಡು ಹಿಂಬದಿಯ ಗೇಟಿಗೆ ಬಂದಳು.

“ಅಮ್ಮಾ, ನಮ್ಮತ್ತೆ ತೀರ್ಕೊಂಡ್ರು. ಒಂದ್ ಗಳಿಗೆ ಕಲ್ಲು ಬಿಟ್ಕೊಡಿ. ಆಮೇಕೆ ನಾನೇ ತೊಳೆದು ಕೊಡ್ತೀನಿ.”

ಮೇಡಂ ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಗೌರಕ್ಕನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು ಕೂಡ ಇತ್ತು.

“ಖಂಡಿತ ಗೌರಕ್ಕ, ಇದು ನಿಮ್ಮದೇ ಕಲ್ಲು. ನಮ್ಮ ಗೆಸ್ಟುಗಳು ಸುಮ್ಮನೆ ಸುತ್ತ ಕೂತಿರುತ್ತಾರೆ, ಯಾರೂ ಮಾತಾಡಲ್ಲ. ಒಂದೇ ಒಂದು ಕ್ಯಾಮೆರಾ, ದೂರದಲ್ಲಿ. ಆ ಸೀರೆ ಮಾತ್ರ ಅಡ್ಡ ಹಿಡಿಯಬೇಡಿ, ಕಾಣಿಸಲ್ಲ.”

ಬಿಳಿ ಬಟ್ಟೆ ತೊಟ್ಟ ಅತಿಥಿಗಳು ಆಗಲೇ ದಿಂಬು ಹಿಡಿದುಕೊಂಡು ಬರುತ್ತಿದ್ದರು. ಗೌರಕ್ಕ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಇಷ್ಟು ದಿನದಲ್ಲಿ ಮೊದಲ ಸಲ. ಬಾ, ಮಲಗಿಸು, ಏನಾದರಾಗಲಿ ಎಂದು ನಾನು ಒಳಗೇ ಬೇಡಿಕೊಂಡೆ. ನನಗೆ ಅಷ್ಟು ಆಸೆಯಿತ್ತು.

“ಬ್ಯಾಡ್ರಮ್ಮ. ನಮ್ಮತ್ತೆ ಹೊಳೇಲೂ ಸೀರೆ ಮರೇಲೇ ಮಿಂದೋರು” ಎಂದಳು. ಹೆಣ ಹೊತ್ತವರಿಗೆ, “ತಿರುಗಿಸ್ರಣ್ಣ. ಮನೆ ಬಾಗಿಲು ಕಿತ್ಕೊಂಬನ್ನಿ, ಅದ್ರ ಮ್ಯಾಲೆ ಎರೆಯಾನ” ಎಂದಳು.

ಕಾಂಪೌಂಡಿನಾಚೆ ಬಾಗಿಲನ್ನು ನೆಲಕ್ಕೆ ಹಾಸಿದ ಸದ್ದು ಕೇಳಿತು. ಆಮೇಲೆ ನೀರಿನ ಸದ್ದು. ಇಲ್ಲಿ ಅತಿಥಿಗಳು ಬೇಜಾರು ಮಾಡಿಕೊಂಡಿದ್ದರು. ಅವರಲ್ಲೊಬ್ಬ ಬಂದು ನನ್ನ ಮೇಲೆ ಉದ್ದಕ್ಕೆ ಮಲಗಿ, ನೀರು ಇನ್ನಷ್ಟು ಬೆಚ್ಚಗಿರಲಿ ಎಂದ.

ನಾನು ಮುದಿಯಾಗುವ ಜಾತಿಯಲ್ಲ, ಇವರೆಲ್ಲ ಸತ್ತ ಮೇಲೂ ಇರುತ್ತೇನೆ. ಇಷ್ಟು ಕಾಲ ಇವರನ್ನು ಕಂಡು ಅಸಹ್ಯಪಟ್ಟೆ. ಗೌರಕ್ಕನ ಆ ಕಣ್ಣಲ್ಲಿ ನಾನೂ ಇವರ ಸಾಮಾನುಗಳಲ್ಲಿ ಒಂದಾಗಿದ್ದೆ. ಓಬಳಮ್ಮನನ್ನು ನನ್ನ ಮೇಲೆ ಮಲಗಿಸದೇ ಹೋದದ್ದೇ ಸರಿ.